ಕೊನೆಯ ಹುಲ್ಲಿನ ತಾರೀಖು

ಅಕ್ಟೋಬರ್ 7, ಬೆಳಿಗ್ಗೆ 8.10

ಮತ್ತೆ ಅದೇ. ಮೂರನೇ ಸಲ. ನನ್ನ ಹೊಸ ಪ್ರೋಗ್ರಾಂನ ರನ್ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಇಂದಿನಿಂದ ಅರವತ್ತೊಂದು ಕೋಟಿ ವರ್ಷ ದಾಟಿದರೂ ಕಂಪ್ಯೂಟರಿನೊಳಗಿನ ಭೂಮಿಯಲ್ಲಿ ಗಿಡಗಳು ಬದುಕಿವೆ. ಬದುಕಬಾರದು. ಪ್ರೊಫೆಸರ್ ಬ್ರೆನೆಮನ್ 1991ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ — ಸೂರ್ಯನ ಕಾವು ಏರುತ್ತದೆ, ಮಳೆ ಬಂಡೆಗಳನ್ನು ಬೇಗ ಸವೆಸುತ್ತದೆ, ಸವೆಯುವ ಬಂಡೆ ಗಾಳಿಯಲ್ಲಿರುವ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಗಿಡಗಳಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ಅರವತ್ತೊಂದು ಕೋಟಿಗೆ ಹಸಿರು ಮುಗಿಯಿತು. ಹನ್ನೆರಡು ವರ್ಷ ನಾನೇ ಇದನ್ನು ಪಾಠ ಮಾಡಿದ್ದೇನೆ.

ತಪ್ಪು ನನ್ನದೇ ಇರಬೇಕು.

ಅಕ್ಟೋಬರ್ 9

ಸಿಗಲಿಲ್ಲ.

ಅಕ್ಟೋಬರ್ 21

ನೆಲಮಾಳಿಗೆಯ ಕಪಾಟಿನಲ್ಲಿ ಪ್ರೊಫೆಸರರ ಹಳೇ ಪ್ರೋಗ್ರಾಂನ ಪ್ರಿಂಟ್ ಇತ್ತು. ಅಂಚಿನಲ್ಲೆಲ್ಲ ಅವರ ಪೆನ್ಸಿಲ್ ಬರಹ. ಮೂರು ದಿನ ಸಾಲು ಸಾಲಾಗಿ ಓದಿದೆ. ಇವತ್ತು ಮಧ್ಯಾಹ್ನ ಕಣ್ಣಿಗೆ ಬಿತ್ತು.

ಬೇರುಗಳು! ಬೇರು ಉಸಿರಾಡುವುದರಿಂದಲೇ ಮಣ್ಣಿನಡಿಯ ಬಂಡೆ ಬೇಗ ಸವೆಯುವುದು. ಗಿಡ ಸೊರಗಿದರೆ ಬೇರೂ ಸೊರಗಬೇಕು, ಸವೆತ ನಿಧಾನವಾಗಬೇಕು, ಗಾಳಿಯಲ್ಲಿ ಇಂಗಾಲ ಇನ್ನಷ್ಟು ಕಾಲ ಉಳಿಯಬೇಕು. ಅವರ ಲೆಕ್ಕದಲ್ಲಿ ಬೇರಿನ ಕೆಲಸ ಕಡೆತನಕ ಒಂದೇ ಸಮ. ಗಿಡ ಸತ್ತರೂ ಬೇರು ದುಡಿಯುತ್ತಲೇ ಇದೆ. ನನ್ನದರಲ್ಲಿ ಗಿಡದ ಜೊತೆಗೇ ಬೇರೂ ಸೊರಗುತ್ತದೆ.

ಮೊದಲು ಖುಷಿ. ಆಮೇಲೆ ಪ್ರಿಂಟ್ ಮಡಚಿಟ್ಟೆ. ನನಗೆ ಈ ವಿದ್ಯೆ ಕಲಿಸಿದವರೇ ಅವರು. ನವೆಂಬರ್ 14ಕ್ಕೆ ಎಂಬತ್ತು ತುಂಬುತ್ತದೆ. ವಿಭಾಗದಲ್ಲಿ ಸನ್ಮಾನ. ಬ್ಯಾನರಿನ ಮೇಲೆ ಅವರ ಫೋಟೋಗಿಂತ ದೊಡ್ಡದಾಗಿ ಇರುವುದು ಆ ಅರವತ್ತೊಂದು ಕೋಟಿ.

ಅಕ್ಟೋಬರ್ 22

ವಿಭಾಗದ ಮುಖ್ಯಸ್ಥ ವಿಟ್ಲಾಕ್‌ಗೆ ಹೇಳಿದೆ.

"ಸಮಾರಂಭ ಮುಗೀಲಿ ಆರ್ಡಿಸ್. ಕೋಟಿಗಟ್ಟಲೆ ವರ್ಷ ಇರೋ ಭೂಮಿ, ಮೂರು ವಾರ ಕಾಯಲ್ವಾ?"

"ಭೂಮಿ ಕಾಯುತ್ತೆ. ಅವರಿಗೆ ಎಂಬತ್ತು."

ಅಕ್ಟೋಬರ್ 25, ಶನಿವಾರ

ಪ್ರೊಫೆಸರರ ತೋಟದ ಮನೆಗೆ ಹೋದೆ. ಅಂಗಳದಲ್ಲಿ ಅವರ ಹೆಂಡತಿ ವರ್ನಾ, ತಾಮ್ರದ ಹಂಡೆಯಲ್ಲಿ ಸೇಬಿನ ಲೇಹ್ಯ ಕಾಯಿಸುತ್ತಿದ್ದರು. "ಬಂದ್ಯಾ? ಒಳ್ಳೇ ಹೊತ್ತಿಗೇ ಬಂದೆ. ಹಿಡಿ ಈ ಸೌಟು, ತಳ ಹತ್ತಿದ್ರೆ ನಿನ್ನೇ ಬೈಯೋದು." ಅರ್ಧ ಗಂಟೆ ತಿರುವಿದೆ. ಧೈರ್ಯ ಬರಲಿ ಅಂತ.

ಜಗಲಿಯಲ್ಲಿ ಕೂತಿದ್ದ ಪ್ರೊಫೆಸರರಿಗೆ ನನ್ನ ಲೆಕ್ಕದ ಕಾಗದ ಕೊಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಯಾರ್ಯಾರಿಗೆ ಹೇಳಿದ್ದೀಯ?"

"ವಿಟ್ಲಾಕ್‌ಗೆ ಮಾತ್ರ."

"ನನಗಿಂತ ಮೊದಲು."

ವಿಟ್ಲಾಕ್ ಹೇಳಿದ್ದನ್ನು ಹೇಳಹೊರಟೆ.

"ಹೋಗಿ ಬಾ." ಎದ್ದು ಒಳಗೆ ಹೋದರು. ಬಾಗಿಲು ಮೆಲ್ಲಗೇ ಹಾಕಿಕೊಂಡರು. ಬಡಿದಿದ್ದರೆ ಚೆನ್ನಾಗಿತ್ತು.

ನವೆಂಬರ್ 3

ಮೂರು ಸಲ ಫೋನ್ ಎತ್ತಿದೆ. ಮೂರು ಸಲವೂ ಇಟ್ಟೆ.

ನವೆಂಬರ್ 6, ಬೆಳಿಗ್ಗೆ 7.05

ಪ್ರೊಫೆಸರರ ಫೋನ್. ಹಲೋ ಇಲ್ಲ, ಏನೂ ಇಲ್ಲ.

"ಮರ ಮೊದಲು ಸಾಯುತ್ತೋ, ಹುಲ್ಲೋ?"

"ಮರ... ಜೋಳದ ಜಾತಿ ಹುಲ್ಲು ಕಡಿಮೆ ಇಂಗಾಲದಲ್ಲೂ ತಡ್ಕೊಳ್ಳುತ್ತೆ."

"ಮತ್ತೆ ನೀನು ಎಲ್ಲಾದಕ್ಕೂ ಒಂದೇ ಬೇರು ಯಾಕೆ ಇಟ್ಟೆ? ಓಕ್ ಮರದ ಬೇರೂ ಹುಲ್ಲಿನ ಬೇರೂ ಒಂದೇ ಏನೇ ಹುಡುಗಿ?"

ನನಗೆ ನಲವತ್ತಾರು. ಪೆನ್ಸಿಲ್ ಹುಡುಕಿದೆ. ಅವರು ಹೇಳುವುದು ಸರಿ. ನನ್ನ ಲೆಕ್ಕದಲ್ಲೂ ತೂತು.

"ಪ್ರೊಫೆಸರ್... ಮೊದಲು ನಿಮ್ಮ ಹತ್ರಾನೇ ಬರಬೇಕಿತ್ತು."

"ಬರಬೇಕಿತ್ತು. ಹನ್ನೆರಡು ದಿನ ಸಿಟ್ಟು ಮಾಡ್ಕೊಂಡಿದ್ದೆ. ಹುಲ್ಲಿನ ಯೋಚನೆ ಬಂತು ನೋಡು, ಸಿಟ್ಟು ಮುಂದುವರಿಸೋಕೆ ಪುರುಸೊತ್ತಾಗಲಿಲ್ಲ. ಒಂಬತ್ತಕ್ಕೆ ಬರ್ತೀನಿ."

ನವೆಂಬರ್ 11

ದಿನಾ ಬರುತ್ತಿದ್ದಾರೆ. ನನ್ನ ಕುರ್ಚಿ ಅವರದಾಗಿದೆ. ಮರ ಬೇರೆ, ಹುಲ್ಲು ಬೇರೆ ಮಾಡಿದೆವು. ಕಾಡು ಎಪ್ಪತ್ತು ಕೋಟಿಗೆ ತೆಳುವಾಗುತ್ತದೆ. ಆಮೇಲೆ ಬರೀ ಹುಲ್ಲುಗಾವಲು, ಎತ್ತ ನೋಡಿದರೂ. ಕೊನೆಯ ಹುಲ್ಲು ತೊಂಬತ್ತೆರಡು ಕೋಟಿಗೆ. ಅಲ್ಲಿ ನಿಂತು ನೋಡಿದರೆ ಹೇಗಿರುತ್ತದೋ — ಆಕಾಶ ಇದೇ ನೀಲಿಯೋ?

"ಬಿಳಿಚಿಕೊಂಡಿರುತ್ತೆ, ಅಷ್ಟು ನೀರಾವಿ," ಅಂದರು. ಐದು ನಿಮಿಷದ ಮೇಲೆ, "ಗೊತ್ತಿಲ್ಲ ಕಣೆ."

ನವೆಂಬರ್ 14

ವಿಟ್ಲಾಕ್ ಅರ್ಧ ಗಂಟೆ ಹೊಗಳಿದ. ಪ್ರೊಫೆಸರ್ ಎದ್ದರು, ಬ್ಯಾನರಿನತ್ತ ತಿರುಗಿದರು.

"ಇದು ತಪ್ಪು. ಭೂಮಿಗೆ ಮೂವತ್ತೊಂದು ಕೋಟಿ ವರ್ಷ ಕಡಿಮೆ ಕೊಟ್ಟಿದ್ದೆ. ಮೂವತ್ತು ವರ್ಷದ ಮೇಲಾಯ್ತು, ಒಂದು ಹುಲ್ಲೂ ಬಂದು ದೂರು ಹೇಳಲಿಲ್ಲ. ಹೇಳಿದವಳು ಅಲ್ಲಿ ಕೂತಿದ್ದಾಳೆ."

ಎಲ್ಲರೂ ನನ್ನತ್ತ ತಿರುಗಿದರು. ಮೊದಲು ಚಪ್ಪಾಳೆ ತಟ್ಟಿದ್ದು ವರ್ನಾ. ನಾನು ಕಣ್ಣೊರೆಸಿಕೊಂಡಿದ್ದನ್ನು ವಿಟ್ಲಾಕ್ ನೋಡಿದ. ನೋಡಲಿ.

ನವೆಂಬರ್ 17, ಬೆಳಿಗ್ಗೆ 10.40

ಹೊಸ ಪ್ರಶ್ನೆ, ಅವರದೇ. ಹಸಿರು ಹೋದ ಮೇಲೆ ಆಮ್ಲಜನಕ ಎಷ್ಟು ಕಾಲ ನಿಲ್ಲುತ್ತದೆ? ಮೆಲ್ಲಗೆ ಇಳಿಯುತ್ತದೆ ಅಂತ ನಾನು. ಒಮ್ಮೆಲೇ ಕುಸಿಯುತ್ತದೆ ಅಂತ ಅವರು. ರನ್ ಓಡುತ್ತಿದೆ. ಅವರು ಪರದೆಗೆ ಮೂಗು ತಾಗಿಸಿ ಕೂತಿದ್ದಾರೆ, ನಾನು ಪಕ್ಕದಲ್ಲಿ ಇದನ್ನು ಗೀಚುತ್ತಿದ್ದೇನೆ. ತೊಂಬತ್ತೆರಡು. ಹುಲ್ಲು ಹೋಯಿತು. ಆಮ್ಲಜನಕ ಇನ್ನೂ ಹಾಗೇ ಇದೆ. ತೊಂಬತ್ತಾರು — ಹಾಗೇ. ತೊಂಬತ್ತೊಂಬತ್ತು... ನಾನೇ ಗೆದ್ದೆ ಅನ್ನಿಸುತ್ತಿದೆ, ಇಳಿಯುತ್ತಿದೆ, ಮೆಲ್ಲಗೆ — ಅಲ್ಲ, ತಾಳು. ಅವರು ನನ್ನ ತೋಳು ಹಿಡಿದು ಎಳೆಯುತ್ತಿದ್ದಾರೆ, "ನೋಡೇ, ನೋಡೇ ಇಲ್ಲಿ —" ಆಮ್ಲಜನಕದ ಗೆರೆ ನೆಟ್ಟಗೆ ಕೆಳಕ್ಕೆ —