ಅಗಿದು ಕೊಟ್ಟ ತುತ್ತು

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ನಮಸ್ಕಾರ ಅಂತ ಶುರು ಮಾಡಬೇಕು, ಮಾಡಿದ್ದೇನೆ ಅಂದುಕೋ. ನೀನು ಅಣ್ಣನ ಮನೆಗೆ ಹೋದ ಮೇಲೆ ಬೇಕೆಂದೇ ನಿನ್ನ ಫೋನು ಎತ್ತುತ್ತಿಲ್ಲ. ನಿನ್ನ ದನಿ ಕೇಳಿದರೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಈ ಕಾಗದ. ಪುಟ್ಟಿ ಚೆನ್ನಾಗಿದ್ದಾಳೆ. ಅವಳ ಚಿಂತೆ ನಿನಗೆ ಬೇಡ.

ಆ ದಿನ ಕಾರ್ಖಾನೆಯಲ್ಲಿ ಬಣ್ಣ ಕಲಸುವ ಯಂತ್ರ ಕೆಟ್ಟು ನಾನು ಬೇಗ ಬಂದೆ. ಅಡುಗೆಮನೆಯ ಬಾಗಿಲಲ್ಲೇ ಚಪ್ಪಲಿಯನ್ನೂ ಬಿಡದೆ ನಿಂತುಬಿಟ್ಟೆ. ಸ್ಟೂಲಿನ ಮೇಲೆ ನೀನು, ನಿನ್ನ ಮೊಣಕಾಲಿಗೆ ಒರಗಿಕೊಂಡು ಐದು ವರ್ಷದ ನನ್ನ ಮಗಳು. ಬೇಯಿಸಿದ ಹುರುಳಿಕಾಯಿಯನ್ನು ನಿನ್ನ ಬಾಯಿಗೆ ಹಾಕಿಕೊಂಡು, ಆ ದವಡೆಯಿಂದ ಈ ದವಡೆಗೆ ಹೊರಳಿಸಿ ಅಗಿದು, ನಾಲಗೆಯ ಮೇಲಿಂದ ಎರಡು ಬೆರಳಲ್ಲಿ ತೆಗೆದು ಅವಳ ಬಾಯಿಗಿಟ್ಟೆ. ಎಂಜಲಿನ ಎಳೆಯೊಂದು ನಿನ್ನ ತುಟಿಯಿಂದ ಅವಳ ತುಟಿಯವರೆಗೂ ಹಿಗ್ಗಿ ತುಂಡಾಯಿತು. ನನ್ನ ಮಗಳು ಚಪ್ಪರಿಸಿದಳು. ಥೂ ಅಮ್ಮಾ, ಥೂ!

"ಹಕ್ಕಿ ಮರಿಗೆ ಕೊಡಲ್ವೇನೇ, ಅದಕ್ಕೇನೀಗ?" ಅಂದೆ ನೀನು, ಬಾಯಿ ಒರೆಸಿಕೊಳ್ಳುತ್ತ. ಹಕ್ಕಿಗೆ ಹಲ್ಲಿಲ್ಲ. ನಿನ್ನ ಬಾಯಲ್ಲಿರುವ ಹಲ್ಲು ಅರ್ಧ ನಿನ್ನವು, ಅರ್ಧ ದಂತವೈದ್ಯನವು. ಆ ಸೆಟ್ಟು ನೆನೆಹಾಕಿದ ಲೋಟದ ನೀರಿನ ವಾಸನೆ ನನಗೆ ಗೊತ್ತು. ಅದರಲ್ಲಿ ಅರೆದದ್ದು ನನ್ನ ಮಗಳ ಹೊಟ್ಟೆಗೆ!

ನೀನು ನಮ್ಮ ಮನೆಗೆ ಬರುವ ಮುಂಚೆ ನಾರಿರುವ ಯಾವುದನ್ನೂ ಪುಟ್ಟಿ ಮುಟ್ಟುತ್ತಿರಲಿಲ್ಲ. ಸೊಪ್ಪು ದಾರದ ಹಾಗಿದೆ, ಸೇಬಿನ ಸಿಪ್ಪೆ ಪ್ಲಾಸ್ಟಿಕ್ಕು, ಕಾಳು ಬಾಯಲ್ಲಿ ಹಿಟ್ಟಾಗುತ್ತದೆ. ಬಿಳಿ ಬ್ರೆಡ್ಡು, ಹಾಲು, ಅಷ್ಟೇ. ಮಲ ಕಲ್ಲಾಗಿ ಕಕ್ಕಸಿನಲ್ಲಿ ಅವಳು ಚೀರುವುದು ಪಕ್ಕದ ಮನೆಗೂ ಕೇಳುತ್ತಿತ್ತು. ವಯಸ್ಸಿಗೆ ತಕ್ಕ ತೂಕವಿಲ್ಲ, ನಾರಿನಂಶ ಹೆಚ್ಚಿಸಿ ಅಂದಿದ್ದರು ಡಾಕ್ಟರು. ನೀನು ಬಂದೆ, ಅವಳ ಕೆನ್ನೆ ತುಂಬಿತು, ಡಾಕ್ಟರು ನನಗೆ ಶಹಭಾಸ್ ಅಂದರು. ನಾನೋ, ಕಾರ್ಖಾನೆಯಲ್ಲಿ ಎಲ್ಲರಿಗೂ ಪಾಠ ಹೇಳಿದ್ದೇ ಹೇಳಿದ್ದು. ತಾಳ್ಮೆಯಿಂದ ತಟ್ಟೆಗಿಡಿ, ಮಕ್ಕಳು ತಾವಾಗಿ ತಿನ್ನುತ್ತಾರೆ ಅಂತ. ತಾವಾಗಿ! ನಿನ್ನ ಎಂಜಲಿನ ಹಿರಿಮೆಯನ್ನು ನಾನು ಡಂಗುರ ಸಾರಿದ್ದೇನೆ. ನೆನೆಸಿಕೊಂಡರೆ ಮೈಯೆಲ್ಲ ಮುಳ್ಳು.

ನನಗೂ ಹೀಗೇ ತಿನ್ನಿಸಿದ್ದೆಯಾ? ಬೇಡ, ಉತ್ತರ ಬರೆಯಬೇಡ.

ಪುಟ್ಟಿ ಚೆನ್ನಾಗಿದ್ದಾಳೆ ಅಂದೆನಲ್ಲ, ಪೂರ್ತಿ ಹಾಗೇನಿಲ್ಲ. ನೀನು ಹೋದಾಗಿನಿಂದ ತಟ್ಟೆ ದೂಡುತ್ತಾಳೆ. ಮಿಕ್ಸಿಯಲ್ಲಿ ರುಬ್ಬಿಕೊಟ್ಟೆ, "ಗೊಣ್ಣೆ ಥರ ಇದೆ" ಅಂದಳು. ಕೋಲಿನಿಂದ ತೊಟ್ಟಿಕ್ಕುವುದನ್ನು ನೋಡಿಯೇ ಬಣ್ಣದ ಹದ ಹೇಳುವವಳು ನಾನು. ಆ ರುಬ್ಬಿದ್ದು ಚಮಚದಿಂದ ಜಾರಿದ್ದು ನೋಡಿ ನನಗೇ ವಾಕರಿಕೆ ಬಂತು, ಅವಳನ್ನು ಬಯ್ಯುವುದು ಹೇಗೆ? ತರಿತರಿ ಮಾಡಿದರೆ ಗಂಟಲಿಗೆ ಚುಚ್ಚುತ್ತದಂತೆ. ತುರಿದೆ, ಹಿಸುಕಿದೆ, ಎಲ್ಲ ನೆಲಕ್ಕೆ. ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿಲ್ಲ. ನಿನ್ನೆ ಹೊಟ್ಟೆ ಹಲಗೆಯ ಹಾಗೆ ಬಿಗಿದು ಆಸ್ಪತ್ರೆಗೆ ಓಡಿದೆವು. ಎನಿಮಾ ಕೊಡುವಾಗ ನರ್ಸು ಕಾಲು ಹಿಡಿದರು, ನಾನು ಕೈ ಹಿಡಿದೆ. ಬಂದದ್ದರ ನಾತವನ್ನು ಬರೆಯುವುದಿಲ್ಲ, ನನ್ನ ತೋಳಿನ ತನಕ ಸಿಡಿಯಿತು. ಎಷ್ಟು ತೊಳೆದರೂ ಇನ್ನೂ ಅಲ್ಲೇ ಇದ್ದ ಹಾಗಿದೆ. ಅವಳು ಕೂಗಿದ್ದು ನನ್ನನ್ನಲ್ಲ, ಅಜ್ಜಿಯನ್ನು.

ಇನ್ನೂ ತೂಕ ಇಳಿದರೆ ಅಡ್ಮಿಟ್ ಮಾಡಬೇಕಾಗುತ್ತದೆ ಅಂದಿದ್ದಾರೆ ಡಾಕ್ಟರು. ನಿನ್ನ ಪದ್ಧತಿಯನ್ನೂ ಹೇಳಿದೆ. ಬೇಡವೇ ಬೇಡ, ಎಂಜಲಿನಿಂದ ಹಲ್ಲಿನ ಹುಳುಕು ಅಂಟುತ್ತದೆ ಅಂದರು. ಆದ್ದರಿಂದ ನೀನು ಬರುವುದು ಬೇಡ, ಬಂದರೆ ಮತ್ತೆ ಅದೇ ಶುರು ಮಾಡುತ್ತೀ. ನಿನ್ನ ಅಳಿಯ "ಪಾಪ ಅತ್ತೆ" ಅನ್ನುತ್ತಾರೆ. ಅವರೇನು ನೋಡಿದ್ದಾರೆ? ನೋಡಿದವಳು ನಾನು.

ನಿನ್ನ ಮೇಲೆ ಅಸಹ್ಯಪಟ್ಟುಕೊಂಡಿರುವ,
ನಿನ್ನ ಮಗಳು

ತಾ.ಕ.: ಕಾಗದ ಮಡಚಿಟ್ಟು, ಸಂಜೆ ಗೋಡೆಗೆ ಮುಖ ಮಾಡಿ ನಿಂತು ನಾನೇ ಒಂದು ಹುರುಳಿಕಾಯಿ ಅಗಿದೆ. ಓಕರಿಕೆ ತಡೆದುಕೊಂಡು ಬೆರಳಲ್ಲಿ ತೆಗೆದು ಕೊಟ್ಟೆ. ಪುಟ್ಟಿ ಬಾಯಿಗಿಟ್ಟುಕೊಂಡು ಉಗಿದಳು. "ನಿಂಗೆ ಅಗಿಯಕ್ಕೇ ಬರಲ್ಲ, ಅಜ್ಜಿ ಹೀಗೆ ಅಗೀತಾಳೆ ನೋಡು" ಅಂತ ತಟ್ಟೆಯಿಂದ ಒಂದು ಕಾಯಿ ತೆಗೆದು ತಾನೇ ಹಾಕಿಕೊಂಡಳು. ಆ ದವಡೆ, ಈ ದವಡೆ, ಅರೆಗಣ್ಣು ಮುಚ್ಚಿ, ಥೇಟ್ ನೀನೇ. ಆಮೇಲೆ ಅದನ್ನು ತೆಗೆದು ನನ್ನ ಬಾಯಿಗೆ ತುರುಕಿದಳು. ಬೆಚ್ಚಗಿತ್ತು, ಲೋಳೆ ಲೋಳೆ. ಉಗಿದರೆ ಅವಳು ಇನ್ನು ಅಗಿಯುವುದೇ ಇಲ್ಲವೇನೋ ಅಂತ ಹೆದರಿ ನುಂಗಿದೆ. ಇನ್ನೊಂದನ್ನು ಅಗಿದಳು, ನನ್ನ ಬಾಯಿಯ ಹತ್ತಿರ ಬಗ್ಗಿದಳು, ಏನನ್ನಿಸಿತೋ, ತಾನೇ ನುಂಗಿಬಿಟ್ಟಳು. ಶನಿವಾರ ಹೊರಟು ಬಾ. ಅವಳೆದುರಿಗೆ ಕೂತು ಅಗಿ, ಅಗಿದದ್ದನ್ನು ನೀನೇ ನುಂಗು. ನಾನು ನುಂಗಿದ್ದನ್ನು ಮಾತ್ರ ನಿನ್ನ ಅಳಿಯನಿಗೆ ಹೇಳಬೇಡ.