ನಾಲ್ಕನೆಯ ದಿಂಬು

ಪ್ರಿಯ ಮಿಸೆಸ್ ಹಾಲ್ವರ್ಸನ್,

ನೀವು ಮಾರಿದ ಮಡಚುವ ಚಾವಣಿಯ ಹಳೇ ಕ್ಯಾಂಪರ್ ಗಾಡಿಗೆ ಜೀವ ಬಂದಿದೆ. ಕೊಳೆತ ನೆಲಹಲಗೆ ಬದಲಾಯಿಸಿ, ಹರಿದ ಕ್ಯಾನ್ವಾಸ್ ಹೊಲಿದೆ. ಮಕ್ಕಳಿಬ್ಬರೂ ಒಳಗೆ ಮಲಗಲು ತಮ್ಮ ತಮ್ಮ ಮೂಲೆ ಹಿಡಿದಾಗಿದೆ.

ಮೊನ್ನೆ ನನ್ನ ಗಂಡ ಲೈಲ್ ಒಳಗೆ ಇಣುಕಿ, "ಮೂರೇ ದಿಂಬು ಹೊಲ್ದಿದೀಯಲ್ಲೇ, ನಂದೆಲ್ಲಿ?" ಎಂದು ನಗುತ್ತಲೇ ಕೇಳಿದ. ಅಂದಿನಿಂದ ಚಾವಣಿ ಎತ್ತುವ ಹ್ಯಾಂಡಲ್ ಅವನ ಕೋಟಿನ ಜೇಬಿನಲ್ಲಿದೆ. ಅದನ್ನು ತಿರುಗಿಸದೆ ಗಾಡಿ ಬಿಚ್ಚಿಕೊಳ್ಳುವುದಿಲ್ಲ.

ನಿಮ್ಮಲ್ಲಿ ಇನ್ನೊಂದು ಹ್ಯಾಂಡಲ್ ಇದ್ದರೆ, ಭಾನುವಾರ ಎಲ್ಲರ ಊಟ ಮುಗಿದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ನನ್ನ ಹೆಸರು ಅಂಟಿಸಿದ ಖಾಲಿ ಪಾತ್ರೆಯೊಳಗಿಟ್ಟು ಮುಚ್ಚಿಬಿಡಿ. ಅಲ್ಲಿಗೆ ಗಂಡಸರು ಕಾಲಿಡುವುದಿಲ್ಲ. ಫೋನ್ ಮಾತ್ರ ಮಾಡಬೇಡಿ, ಅವನೇ ಎತ್ತುತ್ತಾನೆ.

ಅಲ್ಲಿಯವರೆಗೆ ಅವನ ಕಣ್ಣೆದುರೇ ಕೂತು ನಾಲ್ಕನೆಯ ದಿಂಬು ಹೊಲಿಯುತ್ತಿರುತ್ತೇನೆ.

ನಿಮ್ಮನ್ನೇ ನಂಬಿರುವ,
ಮಾರ್ಲಿಸ್