ನೂರ್ ಅಹಮ್ಮದ್ ಕೇಳಿದ ಚೀಟಿ

ಚಳ್ಳಕೆರೆ, ಜುಲೈ ೧೪, ಸೋಮವಾರ

ಮೆಕ್ಯಾನಿಕ್ ನೂರ್ ಅಹಮ್ಮದ್ ಇವತ್ತೂ ಕಾಲೇಜಿನ ಆಫೀಸಿಗೆ ಬಂದಿದ್ದರು. ನಮ್ಮಲ್ಲಿ ಒಂದು ವರ್ಷ ಓದಿದ ಅವರ ಮಗಳು ಮುಸರತ್‌ಗೆ ಮೊಳಕಾಲ್ಮುರಿನ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಉಳಿದ ಎರಡು ವರ್ಷದ ಫೀಸನ್ನೂ ಕಟ್ಟುವವರೆಗೆ ಮೂಲ ಅಂಕಪಟ್ಟಿ ಕೊಡಬೇಡ ಎಂದು ಪ್ರಿನ್ಸಿಪಾಲರು ಕ್ಲರ್ಕ್ ಆದ ನನಗೆ ಹೇಳಿದ್ದಾರೆ. ಹಾಗೆ ಇಟ್ಟುಕೊಳ್ಳಬಾರದು ಎಂಬ ಸರ್ಕಾರದ ಸುತ್ತೋಲೆಯನ್ನು ಫೈಲಿಗೆ ಹಾಕಿದವಳೂ ನಾನೇ. ಇನ್ನೊಂದು ಕಾನೂನು ಬಂದರೆ ಅದನ್ನೂ ಹಾಕುತ್ತೇನೆ.

ಅವರು ಜಗಳವಾಡಲಿಲ್ಲ. "ಗ್ಯಾರೇಜಲ್ಲಿ ಯಾರ ಗಾಡಿ ಇಟ್ಕೊಂಡ್ರೂ ನಾನು ಚೀಟಿ ಕೊಡ್ತೀನ್ರಿ ಮೇಡಂ. ಮಗಳ ಮಾರ್ಕ್ಸ್‌ಕಾರ್ಡ್ ನಿಮ್ಮತ್ರ ಐತೆ ಅಂತ ಒಂದು ಚೀಟಿ ಕೊಡ್ರಿ, ಸಾಕು," ಎಂದರು.

"ಹಂಗೆಲ್ಲ ಬರ್ಕೊಡೋಕೆ ಬರಲ್ಲರಿ," ಎಂದೆ.

ಸಂಜೆ ಬೀರುವಿಗೆ ಬೀಗ ಹಾಕುವಾಗ ಕೆಳಗಿನ ಖಾನೆ ಕಣ್ಣಿಗೆ ಬಿತ್ತು. ಕೆಲಸಕ್ಕೆ ಸೇರಿದ ದಿನ ಕೊಟ್ಟ ನನ್ನ ಅಂಕಪಟ್ಟಿಗಳೂ ಅಲ್ಲೇ ಇವೆ. ಆರು ವರ್ಷವಾಯಿತು. ಚೀಟಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.